ಮಾತ್ಸರ್ಯವೆಂಬ ಆವರಣ: ಸೋಂದೆಯ ಸುತ್ತಮುತ್ತ ಒಂದು ಚಿಂತನೆ

ಶಿರಸಿಯಿಂದ ಯಲ್ಲಾಪುರದ ಕಡೆಗೆ ಹೊರಟವರಿಗೆ ಸುಮಾರು 20 ಕಿಲೋಮೀಟರಿನೊಳಗೆ ಸೋಂದೆಯ ಪರಿಸರ ಸಿಗುತ್ತದೆ. ವಿದ್ವಾಂಸರ ಬರಹಗಳಲ್ಲಿ ಸುಧಾಪುರ, ಜನರ ಬಾಯಲ್ಲಿ ಸ್ವಾದಿ ಅಥವಾ ಸೋದೆ. ಕೆಲವೇ ಮೈಲಿಗಳ ಅಂತರದಲ್ಲಿ ಇಲ್ಲಿ ಮೂರು ಮಠಗಳಿವೆ: ಅಕಲಂಕರ ಹೆಸರನ್ನು ಪರಂಪರೆಯಾಗಿ ಹೊತ್ತ ದಿಗಂಬರ ಜೈನಮಠ, ವಾದಿರಾಜರ ವೃಂದಾವನವಿರುವ ಮಾಧ್ವಮಠ, ಅದ್ವೈತ ಸಂಪ್ರದಾಯದ ಸ್ವರ್ಣವಲ್ಲಿ ಮಠ. ದಕ್ಷಿಣಕ್ಕೆ ಸಿದ್ದಾಪುರದ ಸೀಮೆಯಲ್ಲಿ ಶ್ವೇತಪುರವೆಂದು ಹೆಸರಾದ ಬಿಳಗಿಯೂ ಅಲ್ಲಿಯ ರತ್ನತ್ರಯ ಬಸದಿಯೂ ಇವೆ. ಪೂರ್ವಕ್ಕೆ ಕದಂಬರ ಬನವಾಸಿ. ಈ ನೆಲವನ್ನು ನೋಡಲು ಬರುವ ವಿದ್ಯಾರ್ಥಿಗಳು ಬಹುತೇಕ ಒಂದೇ ಪ್ರಶ್ನೆಯನ್ನು ಕೇಳುತ್ತಾರೆ: ಇಷ್ಟು ಭಿನ್ನವಾದ ದರ್ಶನಗಳು ಇಷ್ಟು ಹತ್ತಿರ ಹೇಗೆ ಬಾಳಿದವು? ಪ್ರಶ್ನೆ ಸಾಧುವಾದುದೇ. ಆದರೆ ಇಲ್ಲಿಯ ಐತಿಹ್ಯಗಳನ್ನೂ ಪುರಾಣಗಳನ್ನೂ ಒಟ್ಟಿಗೆ ಇಟ್ಟು ಓದುವಾಗ ನನ್ನನ್ನು ಕಾಡುವುದು ಇನ್ನೊಂದು ಪ್ರಶ್ನೆ. ಹೊರಗಿನ ಪರಮತದವನಿಂದ ಬಂದ ಕೇಡಿನ ಕಥೆಗಳಿಗಿಂತ ಒಳಗಿನವನ ಹೊಟ್ಟೆಕಿಚ್ಚಿನಿಂದ ಬಂದ ಕೇಡಿನ ಕಥೆಗಳೇ ಏಕೆ ಇಷ್ಟು ಆಳವಾಗಿ ಉಳಿದಿವೆ? ನಂಬಿಕೆಯಿಲ್ಲದವನನ್ನು ಕುರಿತು ಇವು ಚಿಂತಿಸುವುದೇ ಇಲ್ಲ. ನಂಬಿದವನು ತನ್ನ ದೇವರಿಂದ ಹೇಗೆ ದೂರವಾಗುತ್ತಾನೆಂಬುದೇ ಇವುಗಳ ಚಿಂತೆ.

ಜೈನದೃಷ್ಟಿಯಲ್ಲಿ ‘ದೇವರಿಂದ ದೂರವಾಗುವುದು’ ಎಂಬ ಮಾತಿಗೆ ಸ್ವಲ್ಪ ವಿವರಣೆ ಬೇಕು. ಜಿನನು ಒಲಿಯುವವನೂ ಅಲ್ಲ, ಮುನಿಯುವವನೂ ಅಲ್ಲ. ವೀತರಾಗನಿಗೆ ನಮ್ಮ ಪೂಜೆಯಿಂದ ಆಗಬೇಕಾದುದೇನೂ ಇಲ್ಲ, ನಿಂದೆಯಿಂದ ಆಗುವ ನಷ್ಟವೂ ಇಲ್ಲ. ಆದರೂ ಅವನ ಗುಣಸ್ಮರಣೆ ನಮ್ಮ ಚಿತ್ತವನ್ನು ತೊಳೆಯುತ್ತದೆ ಎಂಬ ಅಭಿಪ್ರಾಯವನ್ನು ಸಮಂತಭದ್ರರು ‘ಸ್ವಯಂಭೂಸ್ತೋತ್ರ’ದಲ್ಲಿ ಮಂಡಿಸಿದ್ದಾರೆ. ಹೀಗಿರುವಲ್ಲಿ ದೇವರು ಭಕ್ತನನ್ನು ತೊರೆಯುವ ಪ್ರಸಂಗವೇ ಬರುವುದಿಲ್ಲ. ದೂರವೆಂಬುದು ಏನಿದ್ದರೂ ನೋಡುವವನ ಕಣ್ಣಿಗೆ ಕವಿದ ಪೊರೆ. ಶಾಸ್ತ್ರ ಅದನ್ನು ‘ಆವರಣ’ವೆಂದು ಕರೆಯುತ್ತದೆ. ಶಿಕ್ಷಿಸುವ ದೇವರಿದ್ದರೆ ಅವನನ್ನು ಬೇಡಿಕೊಂಡು ಪಾರಾಗಬಹುದು; ಪೊರೆಯನ್ನು ಬೇಡಿಕೊಂಡು ಪ್ರಯೋಜನವಿಲ್ಲ, ಅದನ್ನು ಕಳೆಯಬೇಕು. ಆದುದರಿಂದಲೇ ಪೊರೆ ಬೆಳೆಯುವ ಬಗೆಯನ್ನು ಜೈನಾಚಾರ್ಯರು ಅಷ್ಟು ಸೂಕ್ಷ್ಮವಾಗಿ ಪರಿಶೀಲಿಸಿದರು.

ಕ್ರೋಧ, ಮಾನ, ಮಾಯೆ, ಲೋಭ ಎಂಬ ನಾಲ್ಕು ಕಷಾಯಗಳನ್ನು ನಮ್ಮ ವಿದ್ಯಾರ್ಥಿಗಳೆಲ್ಲ ಬಲ್ಲರು. ಮಾತ್ಸರ್ಯ ಈ ಪಟ್ಟಿಯಲ್ಲಿಲ್ಲ. ಅದು ಕಾಣಿಸಿಕೊಳ್ಳುವ ಸ್ಥಳ ಕುತೂಹಲಕರವಾಗಿದೆ. ‘ತತ್ತ್ವಾರ್ಥಸೂತ್ರ’ದ ಆರನೆಯ ಅಧ್ಯಾಯದಲ್ಲಿ ಜ್ಞಾನವನ್ನೂ ದರ್ಶನವನ್ನೂ ಮುಚ್ಚುವ ಕರ್ಮಗಳ ಆಸ್ರವಕ್ಕೆ ಆರು ಕಾರಣಗಳನ್ನು ಹೇಳಿದೆ: ಪ್ರದೋಷ, ನಿಹ್ನವ, ಮಾತ್ಸರ್ಯ, ಅಂತರಾಯ, ಆಸಾದನ, ಉಪಘಾತ. ಪೂಜ್ಯಪಾದರು ‘ಸರ್ವಾರ್ಥಸಿದ್ಧಿ’ಯಲ್ಲಿ ಇವುಗಳನ್ನು ಬಿಡಿಸುವ ರೀತಿ ಮನಶ್ಶಾಸ್ತ್ರದ ಪಾಠದಂತಿದೆ. ಒಬ್ಬನು ಮೋಕ್ಷಸಾಧನವಾದ ಜ್ಞಾನವನ್ನು ಕೀರ್ತಿಸುತ್ತಿರುವಾಗ ಕೇಳುವವನು ಬಾಯಿ ಬಿಡದೆ ಒಳಗೇ ಕಹಿಯಾಗುವುದು ಪ್ರದೋಷ. ತನಗೆ ತಿಳಿದುದನ್ನು ‘ಇಲ್ಲ, ತಿಳಿಯದು’ ಎಂದು ಅಡಗಿಸುವುದು ನಿಹ್ನವ. ಕೊಡಲು ಯೋಗ್ಯವಾದ, ತಾನು ಕರಗತ ಮಾಡಿಕೊಂಡ ಜ್ಞಾನವನ್ನು ಯಾವುದೋ ನೆಪದಿಂದ ಕೊಡದಿರುವುದು ಮಾತ್ಸರ್ಯ. ಇನ್ನೊಬ್ಬನ ಕಲಿಕೆಗೆ ಅಡ್ಡಿ ತರುವುದು ಅಂತರಾಯ. ಇನ್ನೊಬ್ಬನು ಬೆಳಗಿಸಲು ಹೊರಟ ಜ್ಞಾನವನ್ನು ಮಾತಿನಿಂದಲೋ ಕೈಸನ್ನೆಯಿಂದಲೋ ತಡೆಯುವುದು ಆಸಾದನ. ಒಳ್ಳೆಯ ಜ್ಞಾನಕ್ಕೇ ದೋಷ ಹಚ್ಚುವುದು ಉಪಘಾತ.

ಈ ಅನುಕ್ರಮವನ್ನು ಗಮನಿಸಬೇಕು. ಮೊದಲನೆಯದು ಮೌನ, ಕೊನೆಯದು ಆಕ್ರಮಣ. ಹೊಟ್ಟೆಕಿಚ್ಚು ಸಿಟ್ಟಾಗಿ ಮಾರ್ಪಡುವ ದಾರಿಯ ನಕ್ಷೆಯನ್ನೇ ಇದರಲ್ಲಿ ಓದಬಹುದು. ಇನ್ನೂ ಮುಖ್ಯವಾದ ಸಂಗತಿಯೆಂದರೆ, ಈ ಆರೂ ದೋಷಗಳು ಸಂಭವಿಸುವುದು ಜ್ಞಾನದ ನೆರೆಯಲ್ಲಿ. ಗ್ರಂಥವೇ ಇಲ್ಲದವನು ಅದನ್ನು ಬಚ್ಚಿಡಲಾರ. ಪಾಠವನ್ನೇ ಕೇಳದವನು ಪಾಠ ಹೇಳುವವನ ಬಗ್ಗೆ ಒಳಗೊಳಗೇ ಕುದಿಯಲಾರ. ಬಲ್ಲವನಿಗೆ, ನಂಬಿದವನಿಗೆ, ದೇಗುಲದ ಒಳಗಿರುವವನಿಗೆ ಮಾತ್ರ ಬರುವ ರೋಗವಿದು. ಫಲವೂ ರೋಗಕ್ಕೆ ತಕ್ಕಂತಿದೆ: ಜ್ಞಾನವನ್ನು ಪರರಿಗೆ ಮುಚ್ಚಿದವನಿಗೆ ಅವನ ಜ್ಞಾನವೇ ಮುಚ್ಚಿಹೋಗುತ್ತದೆ.

ಹಸ್ತಪ್ರತಿಗಳ ಹುಡುಕಾಟದಲ್ಲಿ ಮಲೆನಾಡಿನ ಮನೆಗಳನ್ನು ಸುತ್ತಿದವರಿಗೆ ಇದು ಬರಿಯ ಸೂತ್ರವಾಗಿ ಉಳಿಯುವುದಿಲ್ಲ. ಊರನ್ನಾಗಲಿ ಮನೆತನವನ್ನಾಗಲಿ ಹೇಳದೆ ಒಂದು ಪ್ರಸಂಗವನ್ನು ಸ್ಮರಿಸುತ್ತೇನೆ. ಆ ಮನೆಯ ಅಟ್ಟದ ಮೇಲೆ ತಾಳೆಗರಿಯ ಕಟ್ಟುಗಳಿದ್ದವೆಂದು ಬಂಧುಗಳೇ ಹೇಳಿದ್ದರು. ಹಿರಿಯರು ನಿತ್ಯ ಸ್ನಾನ ಮಾಡಿ, ಜಿನಬಿಂಬದ ಮುಂದೆ ಕುಳಿತು, ಶ್ರುತಭಕ್ತಿಯನ್ನು ಅಕ್ಷರ ತಪ್ಪದೆ ಹೇಳುವವರು. ಶ್ರುತಪಂಚಮಿಯಂದು ಗ್ರಂಥಗಳಿಗೆ ಅರ್ಘ್ಯ ಎತ್ತುವವರು. ನಾನು ಮೂರು ವರ್ಷ ಬೇರೆಬೇರೆ ಋತುಗಳಲ್ಲಿ ಹೋಗಿ ಕೇಳಿದೆ. ಮೂರು ಬಾರಿಯೂ ಬಾಳೆಯೆಲೆ ಹಾಕಿ ಊಟ ಬಡಿಸಿದರು, ಮೂರು ಬಾರಿಯೂ ‘ಅಂಥದೇನೂ ನಮ್ಮಲ್ಲಿಲ್ಲ’ ಎಂದರು. ಆಮೇಲೆ ಮನೆಯ ಕಿರಿಯರಿಂದ ಕಾರಣ ತಿಳಿಯಿತು. ಬಹಳ ಹಿಂದೆ ಅವರ ತಂದೆಯವರಿಂದ ಪ್ರತಿಯೊಂದನ್ನು ಪಡೆದವರೊಬ್ಬರು ಅದರಿಂದ ಹೆಸರು ಗಳಿಸಿದರು. ಕೊಟ್ಟವರ ಹೆಸರನ್ನು ಎಲ್ಲಿಯೂ ಹೇಳಲಿಲ್ಲ. ಆ ಸಿಟ್ಟು ನ್ಯಾಯವಾದುದೇ ಆಗಿತ್ತು. ಆದರೆ ತಂದೆಯಿಂದ ಮಗನಿಗೆ ಇಳಿಯುವ ಹೊತ್ತಿಗೆ ಅದಕ್ಕೆ ಒಬ್ಬ ವ್ಯಕ್ತಿಯ ಗುರಿ ಉಳಿದಿರಲಿಲ್ಲ. ಓದಬಲ್ಲ ಪ್ರತಿಯೊಬ್ಬನೂ ಗುರಿಯಾಗಿದ್ದ. ಹಳೆಯ ಮನೆಯಲ್ಲಿ ಅಡುಗೆಯ ಹೊಗೆ ಅಟ್ಟಕ್ಕೆ ಏರಿ ಗರಿಗಳನ್ನು ಹುಳದಿಂದ ಕಾಯುತ್ತಿತ್ತು. ಗ್ಯಾಸಿನ ಒಲೆ ಬಂದ ಮೇಲೆ ಆ ಕಾವಲೂ ತಪ್ಪಿತು. ಹಿರಿಯರು ತೀರಿಕೊಂಡ ತರುವಾಯ ಕಟ್ಟುಗಳನ್ನು ಇಳಿಸಿದಾಗ ಹಲಗೆಗಳ ನಡುವೆ ಇದ್ದುದು ಬಹುಪಾಲು ಗೆದ್ದಲಿನ ಮಣ್ಣು. ಅಲ್ಲಿ ಯಾವ ಕೃತಿ ಇತ್ತೆಂದು ಇನ್ನು ಯಾರೂ ಹೇಳಲಾರರು.

ಆ ಹಿರಿಯರನ್ನು ದೂಷಿಸುವುದು ನನ್ನ ಉದ್ದೇಶವಲ್ಲ. ಶ್ರುತದೇವತೆಯನ್ನು ಅವರಷ್ಟು ಶ್ರದ್ಧೆಯಿಂದ ಪೂಜಿಸಿದವರನ್ನು ನಾನು ಹೆಚ್ಚು ಕಂಡಿಲ್ಲ. ಪೂಜೆಗೆ ಒಂದು ದಿನವೂ ಭಂಗ ಬರಲಿಲ್ಲ, ಆದರೆ ಪೂಜ್ಯವಸ್ತು ಅಟ್ಟದ ಮೇಲೆ ಮಣ್ಣಾಗುತ್ತಿತ್ತು. ದೂರವಾಗುವುದೆಂದರೆ ದೇಗುಲಕ್ಕೆ ಹೋಗುವುದನ್ನು ಬಿಡುವುದೆಂದು ನಾವು ಭಾವಿಸುತ್ತೇವೆ. ಎಷ್ಟೋ ಸಲ ಕಾಲುಗಳು ದೇಗುಲಕ್ಕೆ ಹೋಗುತ್ತಲೇ ಇರುತ್ತವೆ.

ವಾದಿರಾಜರನ್ನು ಕುರಿತ ಐತಿಹ್ಯಗಳು ಇದೇ ಮಾತನ್ನು ತಮ್ಮದೇ ನುಡಿಯಲ್ಲಿ ಹೇಳುತ್ತವೆ. 16ನೆಯ ಶತಮಾನದಲ್ಲಿ ಸೋಂದೆಯ ಅರಸಪ್ಪ ನಾಯಕನ ಗೌರವಕ್ಕೆ ಪಾತ್ರರಾಗಿದ್ದ ಈ ಯತಿ ಹಯಗ್ರೀವನ ಉಪಾಸಕರು. ಬೇಯಿಸಿದ ಕಡಲೆಬೇಳೆಗೆ ಬೆಲ್ಲ ಸೇರಿಸಿದ ಮಡ್ಡಿಯನ್ನು ತಲೆಯ ಮೇಲಿಟ್ಟು ನೈವೇದ್ಯ ಮಾಡಿದರೆ, ಹಯವದನನು ಹಿಂದಿನಿಂದ ಮುಂಗಾಲುಗಳನ್ನು ಅವರ ಹೆಗಲ ಮೇಲಿಟ್ಟು ಸ್ವೀಕರಿಸುತ್ತಿದ್ದನೆಂದು ಕಥೆ. ಇದನ್ನು ಸಹಿಸಲಾರದ ಕೆಲವರು ಮಡ್ಡಿಗೆ ವಿಷ ಬೆರೆಸಿದರು. ಸ್ವಾಮಿ ಎಂದಿನಂತೆ ಪ್ರಸಾದವನ್ನು ಉಳಿಸದೆ ಅಷ್ಟನ್ನೂ ತಾನೇ ತಿಂದ, ಬಿಂಬ ನೀಲಿಗಟ್ಟಿತು, ಮಟ್ಟು ಗ್ರಾಮದ ಗುಳ್ಳದ ನೈವೇದ್ಯದಿಂದ ವಿಷ ಇಳಿಯಿತು. ಉಡುಪಿ ಸಮೀಪದ ಮಟ್ಟುವಿನ ಬದನೆಗೆ ಇಂದು ಭೌಗೋಳಿಕ ಸೂಚಿಕೆಯ ಮಾನ್ಯತೆಯಿದೆ, ಅದರ ಬೆನ್ನಿಗೆ ಈ ಕಥೆಯೂ ಇದೆ.

ಇದನ್ನು ಪವಾಡವಾಗಿ ನಂಬುವುದೂ ಬಿಡುವುದೂ ಓದುಗರಿಗೆ ಸೇರಿದ್ದು. ಕಥೆಯ ತರ್ಕವನ್ನು ಮಾತ್ರ ನೋಡೋಣ. ವಿಷ ಬೆರೆಸಿದವರು ನಾಸ್ತಿಕರಲ್ಲ. ನೈವೇದ್ಯದ ಪಾತ್ರೆಯ ಹತ್ತಿರ ಸುಳಿಯಬಲ್ಲವರು ಮಡಿಯಲ್ಲಿರುವವರೇ. ಅವರ ಗುರಿ ಯತಿ, ದೇವರಲ್ಲ. ಆದರೆ ನೈವೇದ್ಯ ಮೊದಲು ಮುಟ್ಟುವುದು ದೇವರನ್ನು. ನೆರೆಯ ಭಕ್ತನಿಗೆಂದು ಇಟ್ಟ ವಿಷಕ್ಕೆ ದೇವರನ್ನು ದಾಟದೆ ಹೋಗುವ ದಾರಿಯೇ ಇಲ್ಲವೆಂಬುದನ್ನು ಇಷ್ಟು ಅಡಕವಾಗಿ ಹೇಳಿದ ಕಥೆ ಅಪರೂಪ.

ಭೂತರಾಜರ ಐತಿಹ್ಯ ಇದಕ್ಕೆ ಪೂರಕವಾಗಿದೆ. ಗುರುವಿನ ವಿಷಯದಲ್ಲಿ ಅವಿನಯ ತೋರಿದ ವಿದ್ವಾಂಸನಾದ ಶಿಷ್ಯನೊಬ್ಬ ಶಾಪದಿಂದ ಬ್ರಹ್ಮರಾಕ್ಷಸನಾಗಿ, ದಾರಿಹೋಕರಿಗೆ ಸಂಸ್ಕೃತದ ಒಗಟೊಡ್ಡಿ, ಉತ್ತರಿಸಲಾರದವರನ್ನು ಹಿಡಿಯುತ್ತಿದ್ದನಂತೆ. ಕೊನೆಗೆ ವಾದಿರಾಜರೇ ಉತ್ತರ ಕೊಟ್ಟು ಅವನನ್ನು ಸೇವಕನಾಗಿ ಸ್ವೀಕರಿಸಿದರು. ಸೋಂದೆಯಲ್ಲಿ ಇಂದಿಗೂ ಭೂತರಾಜರ ಗುಡಿಗೆ ನಡೆದುಕೊಳ್ಳುವವರಿದ್ದಾರೆ. ಶಾಪಗ್ರಸ್ತನ ವಿದ್ಯೆ ಎಲ್ಲಿಯೂ ನಾಶವಾಗಲಿಲ್ಲವೆಂಬುದು ಇಲ್ಲಿ ಗಮನಾರ್ಹ. ವ್ಯಾಕರಣ ಹಾಗೆಯೇ ಇತ್ತು, ಶ್ಲೇಷೆಯ ಚಾತುರ್ಯ ಹಾಗೆಯೇ ಇತ್ತು. ಬದಲಾದದ್ದು ವಿದ್ಯೆಯ ಬಳಕೆ: ದಾರಿ ತೋರಿಸಬೇಕಾಗಿದ್ದುದು ದಾರಿ ತಡೆಯಿತು. ತತ್ತ್ವಾರ್ಥದ ಪರಿಭಾಷೆಯಲ್ಲಿ ಇದು ಅಂತರಾಯವೇ ಸರಿ. ವೈರದಿಂದ ಸ್ಮರಿಸಿದರೂ ಮುಕ್ತಿ ದೊರೆಯುತ್ತದೆಂಬ ದ್ವೇಷಭಕ್ತಿಯ ವಾದವನ್ನು ಮಧ್ವಸಿದ್ಧಾಂತ ಒಪ್ಪುವುದಿಲ್ಲ. ದ್ವೇಷಕ್ಕೆ ದ್ವೇಷದ ಫಲವೇ. ಈಶ್ವರನ ವಿಷಯದಲ್ಲಿ ಎರಡು ಧ್ರುವಗಳಂತಿರುವ ಜೈನರೂ ಮಾಧ್ವರೂ ಈ ಒಂದು ಬಿಂದುವಿನಲ್ಲಿ ಪಕ್ಕಪಕ್ಕ ನಿಲ್ಲುತ್ತಾರೆ.

ನಮ್ಮ ಪುರಾಣಗಳಲ್ಲಿ ಇದಕ್ಕೆ ಮಹಾನಿದರ್ಶನ ಕಮಠ. ಪಾರ್ಶ್ವನಾಥರ ಭವಾವಳಿಯನ್ನು ಹೇಳುವ ಗುಣಭದ್ರರ ‘ಉತ್ತರಪುರಾಣ’ ಶಕ 820ರಲ್ಲಿ, ಎಂದರೆ ಕ್ರಿ.ಶ. 898ರಲ್ಲಿ, ಬಂಕಾಪುರದಲ್ಲಿ ಪೂಜೆಗೊಂಡಿತು. ಆಗ ವನವಾಸದೇಶವನ್ನು ಲೋಕಾದಿತ್ಯನು ಆಳುತ್ತಿದ್ದನೆಂದು ಅದರ ಪ್ರಶಸ್ತಿ ತಿಳಿಸುತ್ತದೆ. ಬನವಾಸಿ ನಾಡಿನ ಜನ ಈ ಕಥೆಯನ್ನು ತಮ್ಮದೆಂದೇ ಕೇಳಬಹುದು. 1222ರಲ್ಲಿ ಪಾರ್ಶ್ವಪಂಡಿತನು ಅದನ್ನು ಕನ್ನಡಕ್ಕೆ ತಂದ. ಕಮಠ ಅಣ್ಣ, ಮರುಭೂತಿ ತಮ್ಮ. ತಮ್ಮನ ಮಡದಿಯ ವಿಷಯದಲ್ಲಿ ದುರ್ವರ್ತನೆ ತೋರಿದ ಕಮಠನನ್ನು ಅರಸ ಹೊರಗಟ್ಟುತ್ತಾನೆ. ಅವನು ತಾಪಸನಾಗಿ, ಕೈಯಲ್ಲಿ ಬಂಡೆಯನ್ನು ಎತ್ತಿಹಿಡಿದು ಘೋರತಪಸ್ಸಿಗೆ ನಿಲ್ಲುತ್ತಾನೆ. ಅನ್ಯಾಯಕ್ಕೆ ಒಳಗಾದ ತಮ್ಮನೇ ಬಂದು ಕಾಲಿಗೆರಗಿದಾಗ ಆ ಬಂಡೆ ಅವನ ತಲೆಯ ಮೇಲೆ ಬೀಳುತ್ತದೆ.

ತಪಸ್ಸಿನ ಸಾಧನವೇ ಕೊಲೆಯ ಸಾಧನವಾದ ಆ ಗಳಿಗೆಯನ್ನು ಓದುವಾಗಲೆಲ್ಲ ನಾನು ನಿಲ್ಲುತ್ತೇನೆ. ಕಮಠನ ತಪಸ್ಸು ಸೋಗಲ್ಲ. ಬಂಡೆಯ ಭಾರ ನಿಜ, ನೋಯುವ ತೋಳು ನಿಜ. ಅವನು ಅದನ್ನು ಎಸೆಯಲು ಎತ್ತಿದವನಲ್ಲ. ಆದರೆ ಸಿಟ್ಟು ಒಳಗಿರುವಾಗ ಎತ್ತಿದುದೆಲ್ಲ ಎಸೆಯುವ ವಸ್ತುವೇ ಆಗುತ್ತದೆ. ಮುಂದೆ ಭವಭವಗಳಲ್ಲಿ ಅವನು ಹಾವಾಗಿ, ಬೇಡನಾಗಿ, ಸಿಂಹವಾಗಿ ಬೆನ್ನಟ್ಟುತ್ತಾನೆ. ಮರುಭೂತಿಯ ಜೀವ ಪ್ರತಿ ಜನ್ಮದಲ್ಲಿಯೂ ಒಂದೊಂದು ಮೆಟ್ಟಿಲು ಏರಿ ಪಾರ್ಶ್ವನಾಗುತ್ತದೆ. ವಿಪರ್ಯಾಸವೆಂದರೆ, ಅಷ್ಟು ಜನ್ಮ ಪಾರ್ಶ್ವನ ಸಮೀಪದಲ್ಲಿಯೇ ಇದ್ದವನು ಕಮಠ. ತೀರ್ಥಂಕರನಾಗಲಿರುವ ಜೀವವನ್ನು ಅವನಷ್ಟು ಹತ್ತಿರದಿಂದ ಕಂಡವರಿಲ್ಲ, ಅವನಷ್ಟು ದೂರ ಉಳಿದವರೂ ಇಲ್ಲ. ಕೊನೆಯ ಉಪಸರ್ಗದಲ್ಲಿ ಮಳೆ ಸುರಿಸಿ ಸೋತು ಆ ಪಾದಗಳಿಗೆ ಎರಗಿದಾಗಲೇ ಆ ದೂರ ಮುಗಿಯಿತು. ಹೆಡೆಯ ನೆರಳಿನಲ್ಲಿ ನಿಂತ ಪಾರ್ಶ್ವಬಿಂಬವನ್ನು ಬಸದಿಗಳಲ್ಲಿ ನೋಡುವಾಗ ಧರಣೇಂದ್ರ ಪದ್ಮಾವತಿಯರ ಭಕ್ತಿ ನೆನಪಾಗುತ್ತದೆ. ಆ ಹೆಡೆ ಬೇಕಾದದ್ದು ಒಬ್ಬ ತಾಪಸನ ಸಿಟ್ಟಿನಿಂದ ಎಂಬುದೂ ನೆನಪಿರಬೇಕು.

ಹಾಗಾದರೆ ಅನ್ಯಾಯವನ್ನು ಕಂಡು ಮೂಡುವ ಸಿಟ್ಟೂ ದೋಷವೇ? ವಿದ್ಯಾರ್ಥಿಗಳು ಈ ಪ್ರಶ್ನೆಯನ್ನು ಕೇಳಿದ್ದಾರೆ, ಕೇಳಬೇಕು. ಜೈನಶಾಸ್ತ್ರದ ಉತ್ತರ ಸರಳವಾದ ನಿಷೇಧವಲ್ಲ. ಅದು ಸಿಟ್ಟನ್ನು ಕಾಲದಿಂದ ಅಳೆಯುತ್ತದೆ. ನೀರಿನ ಮೇಲೆ ಎಳೆದ ಗೆರೆ, ಮರಳಿನ ಮೇಲಿನ ಗೆರೆ, ನೆಲದ ಬಿರುಕು, ಕಲ್ಲಿನ ಬಿರುಕು ಎಂಬ ನಾಲ್ಕು ಹೋಲಿಕೆಗಳು ಪ್ರಸಿದ್ಧ. ನೇಮಿಚಂದ್ರರ ‘ಗೊಮ್ಮಟಸಾರ’ ಇವುಗಳ ವಾಸನಾಕಾಲವನ್ನೂ ಹೇಳುತ್ತದೆ: ಸಂಜ್ವಲನಕ್ಕೆ ಅಂತರ್ಮುಹೂರ್ತ, ಪ್ರತ್ಯಾಖ್ಯಾನಾವರಣಕ್ಕೆ ಒಂದು ಪಕ್ಷ, ಅಪ್ರತ್ಯಾಖ್ಯಾನಾವರಣಕ್ಕೆ ಆರು ತಿಂಗಳು, ಅದನ್ನೂ ಮೀರಿ ಭವಗಳವರೆಗೆ ನಡೆಯುವುದು ಅನಂತಾನುಬಂಧಿ. ಮಹಾವ್ರತ ಹೊತ್ತ ಮುನಿಗೂ ಸಂಜ್ವಲನ ಬಿಟ್ಟಿಲ್ಲ. ಶ್ರಾವಕನಿಗೆ ಇನ್ನೂ ಹೆಚ್ಚಿನದು ಇರಬಹುದೆಂದು ಶಾಸ್ತ್ರ ಒಪ್ಪಿಕೊಂಡೇ ಇದೆ. ಸಮ್ಯಕ್ತ್ವವನ್ನೇ, ಎಂದರೆ ಕಾಣುವ ಕಣ್ಣನ್ನೇ, ಕೆಡಿಸುವುದು ಕೊನೆಯದು. ಸಿಟ್ಟು ಬಂದಿತೆಂಬುದಕ್ಕಿಂತ ಅದು ಎಷ್ಟು ದಿನ ಉಳಿಯಿತೆಂಬುದೇ ಇಲ್ಲಿಯ ಮುಖ್ಯ ಪ್ರಶ್ನೆ. ಪಕ್ಷಕ್ಕೊಮ್ಮೆ, ನಾಲ್ಕು ತಿಂಗಳಿಗೊಮ್ಮೆ, ವರ್ಷಕ್ಕೊಮ್ಮೆ ಮಾಡುವ ಪ್ರತಿಕ್ರಮಣಗಳನ್ನು ಈ ಕಾಲಮಾನದ ಪಕ್ಕದಲ್ಲಿಟ್ಟು ನೋಡಿದರೆ ಅವುಗಳ ಅರ್ಥ ಹೊಳೆಯುತ್ತದೆ. ಭಾದ್ರಪದದ ದಶಲಕ್ಷಣ ಪರ್ವ ಉತ್ತಮಕ್ಷಮೆಯಿಂದಲೇ ಮೊದಲಾಗುತ್ತದೆ. ಪರ್ವ ಮುಗಿದ ಮೇಲೆ ಕ್ಷಮಾವಣಿ. ಬಿರುಕು ಕಲ್ಲಿಗೆ ಇಳಿಯುವ ಮೊದಲೇ ಮುಚ್ಚುವ ಕೆಲಸವಿದು. ನಾನು ಹೇಳಿದ ಮನೆಯ ಸಿಟ್ಟು ಹುಟ್ಟಿದಾಗ ನ್ಯಾಯವಾಗಿತ್ತು. ಎರಡನೆಯ ತಲೆಮಾರಿಗೆ ದಾಟಿದಾಗ ಅದು ಬೇರೆ ವರ್ಗಕ್ಕೆ ಸೇರಿಬಿಟ್ಟಿತ್ತು.

ವಾದವನ್ನೇ ವೃತ್ತಿಯಾಗಿಸಿಕೊಂಡವರ ಕಷ್ಟ ಇನ್ನೂ ಸೂಕ್ಷ್ಮ. ಯಲ್ಲಾಪುರ, ಸಿದ್ದಾಪುರಗಳ ಹಳ್ಳಿಗಳಲ್ಲಿ ಮಳೆಗಾಲದ ರಾತ್ರಿ ತಾಳಮದ್ದಳೆ ಕೇಳಿದವರಿಗೆ ಇದರ ಅನುಭವವಿದೆ. ಕೃಷ್ಣನ ಅರ್ಥ ಹೇಳುವವರು ಗೀತೆಯ ಸಮಚಿತ್ತವನ್ನು ಕುರಿತು ಸೊಗಸಾಗಿ ಮಾತಾಡುತ್ತಿರುತ್ತಾರೆ. ಎದುರು ಅರ್ಥಧಾರಿಯ ಒಂದು ಮಾತಿಗೆ ಸಭೆ ತಲೆದೂಗಿದ ಕೂಡಲೇ ಧ್ವನಿ ಏರುತ್ತದೆ, ಕೃಷ್ಣ ಎಲ್ಲೋ ಉಳಿದು ಅರ್ಥಧಾರಿ ಮಾತ್ರ ಮಾತಾಡತೊಡಗುತ್ತಾನೆ. ಅದು ಪಾತ್ರದ ಕೋಪವಲ್ಲ ಎಂಬುದು ಭಾಗವತರಿಗೂ ಗೊತ್ತು, ಹಿಂದಿನ ಚಾಪೆಯಲ್ಲಿ ಕುಳಿತ ಮುದುಕರಿಗೂ ಗೊತ್ತು.

ಸ್ವಾದಿ ಪೀಠ ಯಾರ ಹೆಸರನ್ನು ಹೊತ್ತಿದೆಯೋ ಆ ಅಕಲಂಕರಿಗೂ ಈ ಪ್ರಶ್ನೆ ಎದುರಾಗಿತ್ತೆಂದು ಕಾಣುತ್ತದೆ. ಶ್ರವಣಬೆಳಗೊಳದ ಚಂದ್ರಗಿರಿಯ ಪಾರ್ಶ್ವನಾಥ ಬಸದಿಯಲ್ಲಿರುವ 1129ರ ಮಲ್ಲಿಷೇಣ ಪ್ರಶಸ್ತಿ ಅವರ ಬಾಯಿಂದಲೇ ಒಂದು ಮಾತನ್ನು ಹೇಳಿಸುತ್ತದೆ. ಹಿಮಶೀತಲ ರಾಜನ ಸಭೆಯಲ್ಲಿ ಬೌದ್ಧರನ್ನು ಗೆದ್ದುದು ಅಹಂಕಾರದಿಂದಲ್ಲ, ದ್ವೇಷದಿಂದಲ್ಲ. ಆತ್ಮವೇ ಇಲ್ಲವೆಂಬ ಮತವನ್ನು ನೆಚ್ಚಿ ಕೆಡುತ್ತಿರುವ ಜನರ ಮೇಲಣ ಕರುಣೆಯಿಂದ ಎಂಬುದು ಅದರ ತಾತ್ಪರ್ಯ. ಆದರೆ ಅದೇ ಪದ್ಯ ಮುಗಿಯುವುದು ಕಾಲಿನಿಂದ ಘಟವನ್ನು ಒಡೆದ ಚಿತ್ರದೊಂದಿಗೆ. ಆ ಕಾಲಿನಲ್ಲಿ ಕರುಣೆ ಇತ್ತೇ? ಪ್ರಶಸ್ತಿಯನ್ನು ಪೂಜ್ಯಭಾವದಿಂದ ಓದುವ ನಮಗೂ ಈ ಪ್ರಶ್ನೆಯನ್ನು ಕೇಳುವ ಹಕ್ಕಿದೆ. ನಾನು ಪದ್ಯವನ್ನು ಹೀಗೆ ಓದುತ್ತೇನೆ: ಗೆದ್ದವನಿಗೆ ‘ಇದು ದ್ವೇಷವಲ್ಲ’ ಎಂದು ಹೇಳಿಕೊಳ್ಳಬೇಕೆನಿಸಿತು. ಗೆಲುವು ಸಾಲದು, ಗೆದ್ದ ಮನಸ್ಸು ಶುದ್ಧವಾಗಿತ್ತೇ ಎಂಬ ಲೆಕ್ಕವನ್ನೂ ಒಪ್ಪಿಸಬೇಕು ಎಂಬ ಆದರ್ಶ 12ನೆಯ ಶತಮಾನದ ಕಲ್ಲಿನಲ್ಲಿದೆ. ಆ ಆದರ್ಶವನ್ನು ಎಷ್ಟರ ಮಟ್ಟಿಗೆ ತಲುಪಿದರೆಂಬುದು ಬೇರೆ ವಿಷಯ.

ಅದೇ ಹೆಸರಿನ ಭಟ್ಟಾಕಲಂಕದೇವನು 1604ರಲ್ಲಿ ‘ಕರ್ಣಾಟಕ ಶಬ್ದಾನುಶಾಸನ’ವನ್ನು ಮುಗಿಸಿದ. ಪರಂಪರೆ ಅವನನ್ನು ಸುಧಾಪುರದವನೆಂದು ಸ್ಮರಿಸುತ್ತದೆ. ಕನ್ನಡ ಶಾಸ್ತ್ರಕ್ಕೆ ತಕ್ಕ ಭಾಷೆಯಲ್ಲವೆಂದು ಹಗುರವಾಗಿ ಕಂಡ ಪಂಡಿತರಿಗೆ ಅವನು ಕೊಟ್ಟ ಉತ್ತರ 592 ಸೂತ್ರಗಳು, ಅವುಗಳಿಗೆ ವೃತ್ತಿ, ವೃತ್ತಿಗೆ ವ್ಯಾಖ್ಯಾನ. ಸಂಸ್ಕೃತವನ್ನು ಹಳಿಯದೆ, ಸಂಸ್ಕೃತದ ಸೂತ್ರಗಳಲ್ಲಿಯೇ ಕನ್ನಡದ ಘನತೆಯನ್ನು ಸ್ಥಾಪಿಸಿದ. ಅವಮಾನದಿಂದ ಹುಟ್ಟುವ ಕಾವನ್ನು ಒಂದು ಜೀವಮಾನದ ದುಡಿಮೆಯಾಗಿ ತಿರುಗಿಸಬಹುದೆಂಬುದಕ್ಕೆ ಈ ನೆಲದಲ್ಲಿ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ.

ಇನ್ನೂ ಹಿಂದೆ ಸರಿದರೆ ಬನವಾಸಿಯ ಕದಂಬ ಮೃಗೇಶವರ್ಮನ ದೇವಗಿರಿ ತಾಮ್ರಶಾಸನ ಸಿಗುತ್ತದೆ. 5ನೆಯ ಶತಮಾನದ ಆ ಅರಸ ಕಾಲವಂಗವೆಂಬ ಒಂದು ಗ್ರಾಮವನ್ನು ಮೂರು ಪಾಲು ಮಾಡಿದ: ಒಂದು ಅರ್ಹಂತನ ಆಲಯಕ್ಕೆ, ಒಂದು ಶ್ವೇತಪಟ ಮಹಾಶ್ರಮಣ ಸಂಘಕ್ಕೆ, ಒಂದು ನಿರ್ಗ್ರಂಥ ಮಹಾಶ್ರಮಣ ಸಂಘಕ್ಕೆ. ದೇವರ ಪಾಲನ್ನು ಮೊದಲು ಬೇರೆಯಾಗಿ ತೆಗೆದಿಟ್ಟುದನ್ನು ಗಮನಿಸಬೇಕು. ಸಂಘಗಳ ನಡುವೆ ಏನೇ ತಕರಾರು ಬಂದರೂ ಪೂಜೆ ನಿಲ್ಲಬಾರದೆಂಬ ಲೋಕಜ್ಞಾನ ಅದರಲ್ಲಿ ಇದ್ದಿರಬಹುದು. ನಂಬುವವರು ಪರಸ್ಪರ ಮುನಿಯುತ್ತಾರೆಂಬುದನ್ನು ಮೊದಲೇ ಊಹಿಸಿದ ಹಂಚಿಕೆಯಂತೆ ಅದು ನನಗೆ ಕಾಣುತ್ತದೆ.

ಸಂಶೋಧನೆಯ ದಾರಿಯಲ್ಲಿರುವ ಕಿರಿಯರಿಗೆ ಇವೆಲ್ಲ ದೂರದ ಪುರಾಣವೆನಿಸಬಾರದು. ಪೂಜ್ಯಪಾದರು ಎಣಿಸಿದ ಆರು ದೋಷಗಳೂ ನಮ್ಮ ಗ್ರಂಥಾಲಯಗಳಲ್ಲಿ, ವಿಚಾರಸಂಕಿರಣಗಳಲ್ಲಿ, ಪರೀಕ್ಷಕರ ವರದಿಗಳಲ್ಲಿ ಕ್ಷೇಮವಾಗಿವೆ. ಇನ್ನೊಬ್ಬರ ಪ್ರಬಂಧವನ್ನು ಸಭೆ ಹೊಗಳುವಾಗ ನಮ್ಮೊಳಗೆ ಏನಾಗುತ್ತದೆಂದು ನೋಡಿಕೊಂಡರೆ ಮೊದಲನೆಯ ದೋಷದ ಪರಿಚಯವಾಗುತ್ತದೆ. ಉಳಿದ ಐದನ್ನು ಅಲ್ಲಿಯೇ ತಡೆಯಬಹುದು. ಹಸ್ತಪ್ರತಿಯನ್ನು ಪಡೆದವರು ಕೊಟ್ಟವರ ಹೆಸರನ್ನು ಮೊದಲ ಪುಟದಲ್ಲಿಯೇ ಬರೆಯಲಿ. ಇಟ್ಟುಕೊಂಡವರು ಈ ಮಳೆಗಾಲಕ್ಕೆ ಮೊದಲು ಒಮ್ಮೆ ಕಟ್ಟನ್ನು ಬಿಚ್ಚಿ ನೋಡಲಿ. ಗೆದ್ದಲು ಯಾರ ಕ್ಷಮಾವಣಿಗೂ ಕಾಯುವುದಿಲ್ಲ.